ಆರು ಎಂಟರ ಫ್ಲೆಕ್ಸಿನಲ್ಲಿ ಕಾಕ

ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ, ಅಂಗಡಿಯ ಶಟರ್ ಅರ್ಧ ಎತ್ತಿದ್ದೆನಷ್ಟೆ, ಫೋನು ಬಂತು. ನಮ್ಮ ಯುವಕ ಸಂಘದ ಅಧ್ಯಕ್ಷರು.

"ಕಾಕ ಹೋದ್ರಂತೆ ಮಾರಾಯ, ಗೊತ್ತಾಯ್ತಾ?"

ಗೊತ್ತಿತ್ತು. ಹಿಂದಿನ ದಿನವೇ ಪಾಣೆಮಂಗಳೂರಿಗೆ ಹೋಗಿ, ಮಸೀದಿಯ ಕಂಪೌಂಡಿನ ಬದಿಯಲ್ಲಿ ನಿಂತು, ಮಣ್ಣು ಮಾಡುವುದನ್ನು ನೋಡಿ ಬಂದಿದ್ದೆ. ಅಲ್ಲಿ ಅಧ್ಯಕ್ಷರು ಕಾಣಲಿಲ್ಲ.

"ಸಂಘದಿಂದ ಒಂದು ನುಡಿನಮನ ಇಡುವ ಅಂತ. ಫ್ಲೆಕ್ಸ್ ಒಂದು ಆಗ್ಬೇಕು, ಆರು ಎಂಟು ಅಡಿಯದ್ದು. 'ಸೈಕಲ್ ಪಿತಾಮಹ' ಅಂತ ದೊಡ್ಡ ಅಕ್ಷರದಲ್ಲಿ ಹಾಕು. ಅವರ ಒಂದು ಒಳ್ಳೆ ಫೋಟೋ ನೀನೇ ಎಲ್ಲಿಂದಾದ್ರೂ ಮಾಡು. ಕೆಳಗೆ ನನ್ನದಿರ್ಲಿ. ಸಣ್ಣದು ಸಾಕು."

ಪಿತಾಮಹರಂತೆ! ಸಣ್ಣದು ಸಾಕಂತೆ! ಬಿ.ಸಿ. ರೋಡಿನಲ್ಲಿ ಫ್ಲೆಕ್ಸ್ ಹೊಡೆಯುವುದೇ ನನ್ನ ಹೊಟ್ಟೆಪಾಡು. ಈ ಮನುಷ್ಯನ ಮುಖವನ್ನು ಕಂಪ್ಯೂಟರಿನಲ್ಲಿ ಎಷ್ಟು ಸಲ ಬೆಳ್ಳಗೆ ಮಾಡಿದ್ದೇನೋ ನನಗೇ ಲೆಕ್ಕವಿಲ್ಲ. ಆದರೆ ಆ ದಿನ ಫೋನು ಇಟ್ಟ ಮೇಲೆ ಅರ್ಧ ಎತ್ತಿದ್ದ ಶಟರನ್ನು ಪುನಃ ಕೆಳಗೆ ಎಳೆದುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಆ ಸಿಟ್ಟಿನಲ್ಲಿ ಅಧ್ಯಕ್ಷರ ಪಾಲು ಅರ್ಧ. ಉಳಿದರ್ಧ ಯಾರ ಪಾಲಿನದು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಕನ ಹೆಸರನ್ನು ನಾನು ಇಲ್ಲಿ ಹಾಕುವುದಿಲ್ಲ. ಅವರ ಮಗಳು ಫರಂಗಿಪೇಟೆಯ ಒಂದು ಶಾಲೆಯಲ್ಲಿ ಟೀಚರು. ಅವಳೇ ಕೇಳಿಕೊಂಡದ್ದು. "ಅಪ್ಪನ ಹೆಸರು ಇನ್ನೊಮ್ಮೆ ಎಲ್ಲರ ಬಾಯಲ್ಲಿ ಬೀಳುವುದು ಬೇಡ ಅಣ್ಣ. ಆಗ ಬಿದ್ದದ್ದೇ ಸಾಕು." ಸರಿ. ಪೇಟೆಯವರಿಗೆಲ್ಲ ಅವರು ಕಾಕ. ಇಲ್ಲಿಯೂ ಕಾಕನೇ ಇರಲಿ.

ಕಾಕ ಗಿಡ್ಡ, ದಪ್ಪ. ಸೈಕಲಿನ ಮೇಲೆ ಕೂತರೆ ಹೊಟ್ಟೆ ಹ್ಯಾಂಡಲಿಗೆ ತಾಗುವುದೋ ಎನ್ನುವ ಹಾಗೆ. ಜೀವಮಾನದಲ್ಲಿ ಒಂದು ರೇಸಿನಲ್ಲಿಯೂ ಸೈಕಲ್ ತುಳಿದವರಲ್ಲ. ಹದಿನೆಂಟು ವರ್ಷ ಗಲ್ಫಿನಲ್ಲಿ ಯಾವುದೋ ಸೈಕಲ್ ಕ್ಲಬ್ಬಿನವರ ಸೈಕಲುಗಳನ್ನು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ರೇಸಿನ ದಿನ ಹಿಂದೆ ಬರುವ ಕಾರಿನಲ್ಲಿ ಕೂತು ಬಾಟ್ಲಿ ಕೊಡುತ್ತಿದ್ದವರು. ಊರಿಗೆ ಬಂದ ಮೇಲೆ ಪಾಣೆಮಂಗಳೂರು ಪೇಟೆಯಲ್ಲಿ ಕೊಡೆ, ಬ್ಯಾಗು ರಿಪೇರಿಯ ಅಂಗಡಿ ಇಟ್ಟರು. ಭಾನುವಾರ ಬೆಳಕು ಹರಿಯುವಾಗ ಸೇತುವೆಯ ಹತ್ತಿರ ತಮ್ಮ ಹಳೆ ಸ್ಕೂಟರ್ ನಿಲ್ಲಿಸಿಕೊಂಡು, ನಮ್ಮಂಥ ಏಳೆಂಟು ಮಂದಿಗೆ ಸೈಕಲ್ ರೇಸು ಕಲಿಸುತ್ತಿದ್ದರು. ಕಲಿಸುವುದು ಅಂದರೆ ಬೈಯುವುದು. ನಾವು ಮುಂದೆ, ಸ್ಕೂಟರು ಹಿಂದೆ, ಸ್ಕೂಟರಿನ ಸದ್ದಿಗಿಂತ ದೊಡ್ಡದು ಅವರ ಬೊಬ್ಬೆ.

"ನಾನು ರೇಸ್ ನೋಡಿದ್ದೆಲ್ಲ ಬೆನ್ನಿಂದ," ಎನ್ನುತ್ತಿದ್ದರು. "ನಿಮ್ಮ ಮುಖ ನನಗೆ ಎಂತಕ್ಕೆ? ಬೆನ್ನು ತೋರಿಸಿ, ಸಾಕು." ಅದು ಜಂಬದ ಮಾತಾಗಿರಲಿಲ್ಲ. ಒಂದು ಭಾನುವಾರ ನಾಲ್ಕು ಫರ್ಲಾಂಗು ಹೋಗಿರಲಿಲ್ಲ, ಸ್ಕೂಟರನ್ನು ನನ್ನ ಬದಿಗೆ ತಂದರು.

"ಮನೆಯಲ್ಲಿ ಜಗಳ ಮಾಡಿ ಬಂದದ್ದಾ?"

"ಇಲ್ಲ ಕಾಕ."

"ಸುಳ್ಳು ಹೇಳ್ಬೇಡ. ಎಡದ ಹೆಗಲು ಕಿವಿಯ ಹತ್ತಿರ ಉಂಟು. ಹೋಗು, ಫೋನ್ ಮಾಡಿ ತಪ್ಪಾಯ್ತು ಅಂತ ಹೇಳಿ ಬಾ. ಹೆಗಲು ಇಳಿಯದೆ ಏರು ಹತ್ಲಿಕ್ಕೆ ಆಗುದಿಲ್ಲ."

ಮಾರ್ಗದ ಬದಿಯಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದೆ. ಏಳು ಮಂದಿ ಸೈಕಲ್ ಹಿಡಿದು ಕಾದರು. ಹೆಗಲು ಇಳಿಯಿತು.

ನಾನು ಸೇರಿದ್ದು ರೇಸಿನ ಆಸೆಗಲ್ಲ, ಹೊಟ್ಟೆ ಕರಗಿಸಲಿಕ್ಕೆ. ಹೊಸ ಗೇರಿನ ಸೈಕಲು ತಂದಿದ್ದೆ. ಮೊದಲ ದಿನವೇ ಎಲ್ಲಕ್ಕಿಂತ ಗಟ್ಟಿ ಗೇರಿಗೆ ಹಾಕಿ, ಹಲ್ಲು ಕಚ್ಚಿ ತುಳಿಯುತ್ತಿದ್ದೆ.

"ಎಂತ ಸಾವು ಮಾರಾಯ! ದೋಸೆಗೆ ಕಡೀತಾ ಇದ್ದೀಯಾ? ಅದು ಪೆಡಲು, ಕಡೆಯುವ ಕಲ್ಲಲ್ಲ! ಹಗುರ ಮಾಡು, ಕಾಲು ಬೇಗ ಬೇಗ ತಿರುಗ್ಬೇಕು. ಇವತ್ತು ಮೊಣಗಂಟು ಮುಗಿಸಿದ್ರೆ ನಾಳೆ ಎಂತ ಮಾಡ್ತೀ?"

ಗಾಳಿಯ ಪಾಠ ಮಾಡಿದ್ದು ಕೊಡೆಯಲ್ಲಿ. ರಿಪೇರಿಗೆ ಬಂದಿದ್ದ ಯಾರದ್ದೋ ದೊಡ್ಡ ಕೊಡೆ ತಂದು, ನೇತ್ರಾವತಿಯ ಸೇತುವೆಯ ಮೇಲೆ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಎದುರಿಗೆ ಹಿಡಿದು ನಡಿ." ನದಿಯ ಗಾಳಿ ಕೊಡೆಯನ್ನೂ ನನ್ನನ್ನೂ ಹಿಂದಕ್ಕೆ ದೂಡಿತು. ಹತ್ತು ಹೆಜ್ಜೆಗೆ ಸುಸ್ತು. ಆಮೇಲೆ ಅವರೇ ಮುಂದೆ ನಿಂತರು. "ಈಗ ನನ್ನ ಬೆನ್ನಿಗೆ ಅಂಟಿ ಹಿಡಿ, ಬಾ." ಕೊಡೆ ಹೂವಿನ ಹಾಗೆ ಹಗುರ.

"ಗೊತ್ತಾಯ್ತಾ? ಮುಂದೆ ಇರುವವ ಗಾಳಿ ತಿನ್ನುವುದು, ಹಿಂದೆ ಇರುವವ ಉಳಿಸುವುದು. ಕಲಿಯುವವ ಮೊದಲು ಹಿಂದೆ ಕೂರ್ಲಿಕ್ಕೆ ಕಲೀಬೇಕು. ಸಾಲಿನಲ್ಲಿ ಮೂರನೆಯ ಚಕ್ರ, ನಾಲ್ಕನೆಯ ಚಕ್ರ. ಮೊದಲ ಏರಿನಲ್ಲಿಯೇ ಪೆಡಲಿನ ಮೇಲೆ ಎದ್ದು ಓಡುವವ ಹುಚ್ಚ. ಆದ್ರೆ ಸರದಿ ಬಂದಾಗ ಮುಂದೆ ಬರ್ಬೇಕು. ಕಡೆಯವರೆಗೂ ಹಿಂದೆಯೇ ಕೂರುವವ ಇದ್ದಾನಲ್ಲಾ," ಎಂದು ಹೇಳಿ ಸೇತುವೆಯ ಆಚೆಗೆ ಉಗುಳಿದರು, "ಅವ ಕಳ್ಳ. ಅವ ಗೆದ್ದರೂ ನಾನು ಚಪ್ಪಾಳೆ ತಟ್ಟುವವ ಅಲ್ಲ."

ಮನೆಯಲ್ಲಿ ಗಂಜಿಯ ತಿಳಿಗೆ ಉಪ್ಪು ಹಾಕಿ, ಬಾಟ್ಲಿಗಳಲ್ಲಿ ತುಂಬಿಸಿ ತರುತ್ತಿದ್ದರು. ಬಾಯಾರುವ ಮೊದಲೇ ಕುಡಿಯಬೇಕು, ಹಸಿಯುವ ಮೊದಲೇ ಬಾಳೆಹಣ್ಣು ತಿನ್ನಬೇಕು. ವಾರಕ್ಕೆ ಒಂದು ದಿನ ಸೈಕಲನ್ನು ಮುಟ್ಟಬಾರದು. ಮುಟ್ಟಿದರೆ ಅದಕ್ಕೂ ಬೈಗಳು, ಮುಟ್ಟಿದ್ದು ಭಾನುವಾರ ಬೆನ್ನಿನಲ್ಲಿ ಗೊತ್ತಾಗುತ್ತಿತ್ತು. ಇನ್ನು ಅವರ ದೊಡ್ಡ ಪಾಠ ಒಂದೇ: ಎದುರಾಳಿಯ ಕೈ ಹ್ಯಾಂಡಲ್ ಬಿಟ್ಟ ಹೊತ್ತು ನಿನ್ನ ಹೊತ್ತು. ಅವ ಬಾಟ್ಲಿಗೆ ಕೈ ಹಾಕಿದ, ಬೆವರು ಒರೆಸಿದ, ಹಣ್ಣು ಸುಲಿದ, ಆಗಲೇ ಎದ್ದು ಹೋಗಬೇಕು. ಅವನ ಕೈ ವಾಪಸು ಹ್ಯಾಂಡಲಿಗೆ ಬರುವಷ್ಟರಲ್ಲಿ ನೀನು ಹತ್ತು ಮಾರು ಮುಂದೆ.

ಎಂಟು ವರ್ಷದ ಹಿಂದೆ ನಮ್ಮ ಸಂಘದವರೇ ಒಂದು ರೇಸು ಇಟ್ಟರು. ಮೂಡುಬಿದಿರೆಯಿಂದ ಹೊರಟು, ವೇಣೂರು, ಗುರುವಾಯನಕೆರೆ ದಾಟಿ, ಬಂಟ್ವಾಳದಲ್ಲಿ ಮುಗಿಯುವುದು. ಹೊಸಬರಿಗೇ ಅಂತ ಇಟ್ಟ ರೇಸು. ಆ ದಾರಿಯಲ್ಲಿ ಒಂದು ಉದ್ದದ ಏರು ಉಂಟು. ಏರಿನ ತುದಿಯಲ್ಲಿ, ಮಾರ್ಗದ ಎಡಬದಿಗೆ, ದೈವದ ಕಟ್ಟೆ. ಆ ಕಟ್ಟೆ ಬಂದಾಗ ನಮ್ಮವರು ಯಾರೂ ಸುಮ್ಮನೆ ದಾಟುವುದಿಲ್ಲ. ನಡೆದು ಹೋಗುವವರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ, ಬಸ್ಸಿನ ಡ್ರೈವರು ಒಂದು ಕೈ ಎದೆಗೆ ಮುಟ್ಟಿಸುತ್ತಾನೆ. ಸೈಕಲಿನವರೂ ಅಷ್ಟೆ: ಬಲಗೈ ಹ್ಯಾಂಡಲ್ ಬಿಡುತ್ತದೆ, ಎದೆಗೊಮ್ಮೆ, ಹಣೆಗೊಮ್ಮೆ. ಭಾನುವಾರ ಆ ದಾರಿಯಲ್ಲಿ ನಮ್ಮ ಹಿಂದೆ ಬರುವಾಗ ಕಾಕ ಎರಡು ವರ್ಷ ಸ್ಕೂಟರಿನಿಂದ ಇದನ್ನು ನೋಡಿದ್ದರು.

"ಲೆಕ್ಕ ಹಾಕಿದ್ದೇನೆ. ಅಲ್ಲಿ ಎಲ್ಲರ ಬೆನ್ನೂ ನೆಟ್ಟಗಾಗ್ತದೆ, ಮೂರು ತುಳಿತ ನಿಲ್ತದೆ. ಏರು ಹತ್ತಿ ಉಸಿರು ಕಟ್ಟಿರ್ತದೆ ಬೇರೆ. ನೀನು ಅಲ್ಲಿ ಹೋಗ್ಬೇಕು."

ನನಗೆ ಹೆದರಿಕೆಯಾಯಿತು. "ಕೈ ಮುಗಿಯದೆ ಹೋಗುವುದಾ ಕಾಕ?"

ಅವರಿಗೆ ಎಂತಹ ಸಿಟ್ಟು ಬಂತು ಅಂದರೆ, ಕೈಯಲ್ಲಿದ್ದ ಕೊಡೆಯ ಕಡ್ಡಿಯನ್ನು ಮೇಜಿಗೆ ಕುಟ್ಟಿದರು. "ಮುಗಿಯಬೇಡ ಅಂತ ಯಾರು ಹೇಳಿದ್ದು? ಮಂಡೆ ಸರಿ ಉಂಟಾ? ಹಾಗೆ ಹೇಳುವವನಾ ನಾನು? ಮೊದಲೇ ಮುಗಿದು ಬರ್ಬೇಕು! ಯಜಮಾನರ ಅಂಗಳದಲ್ಲಿ ಓಡ್ಬೇಕಾದ್ರೆ ಹಿಂದಿನ ದಿನ ಹೋಗಿ ಹೇಳಿ ಬರುವುದಿಲ್ವಾ? ಹಾಗೆ. ಶನಿವಾರ ಸಂಜೆ ಹೋಗುವ. ನಾನೂ ಬರ್ತೇನೆ."

ಹೋದೆವು. ದಾರಿಯಲ್ಲಿ ನನ್ನ ಕೈಯಲ್ಲಿ ಹೂ ಇಲ್ಲದ್ದು ನೋಡಿ ಸ್ಕೂಟರ್ ನಿಲ್ಲಿಸಿ ಬೈದರು. ಯಾರದ್ದೋ ಬೇಲಿಯ ಹತ್ತಿರ ಕೇಳಿ ಕೇಪಳ ಹೂ ಕೊಯ್ದುಕೊಂಡೆ. ಕಟ್ಟೆಯ ಹತ್ತಿರ ನಾನು ಒಳಗೆ ಹೋದೆ. ಹೂ ಇಟ್ಟು, ಹೇಳಬೇಕಾದದ್ದನ್ನು ಹೇಳಿಕೊಂಡು ತಿರುಗಿದರೆ, ಕಾಕ ಮಾರ್ಗದ ಅಂಚಿನಲ್ಲಿ ನಿಂತಿದ್ದಾರೆ. ಚಪ್ಪಲಿ ಸ್ಕೂಟರಿನ ಹತ್ತಿರ ಜೋಡಿಸಿ ಇಟ್ಟು, ಜಲ್ಲಿಯ ಮೇಲೆ ಬರಿಗಾಲಲ್ಲಿ. ತಲೆಯ ಮೇಲೆ ಬಿಳಿ ಟೊಪ್ಪಿ, ಎರಡು ಕೈ ಹೊಟ್ಟೆಯ ಮೇಲೆ ಒಂದರ ಮೇಲೊಂದು, ಕಣ್ಣು ನೆಲಕ್ಕೆ. ಕೈ ಮುಗಿದಿರಲಿಲ್ಲ. ಅವರು ಮುಗಿಯುವವರಲ್ಲ, ಮುಗಿಯಬೇಕಾಗಿಯೂ ಇರಲಿಲ್ಲ. ಬೇರೆಯವರ ಮನೆಯ ಹಿರಿಯರ ಎದುರು ನಿಲ್ಲುವ ಹಾಗೆ ನಿಂತಿದ್ದರು. ಫೋಟೋ ತೆಗೆಯುವ ಚಾಳಿ ನನ್ನದು. ಮೊಬೈಲ್ ಎತ್ತಿ ಒಂದು ಹೊಡೆದೆ.

"ಪೊಕ್ಕಡೆ, ಸುಮ್ಮನೆ ಫೋಟೋ ಎಂತಕ್ಕೆ? ಆ ಮರದ ಎಲೆ ನೋಡು, ಗಾಳಿ ಯಾವ ಕಡೆಯಿಂದ ಅಂತ."

ಬರುವಾಗ ಕೇಳಿದರು. "ಸರಿಯಾಗಿ ಹೇಳಿದ್ಯಾ? ಎಂತ ಹೇಳಿದ್ದು?"

"ನಾಳೆ ನಿಲ್ಲದೆ ಹೋಗ್ತೇನೆ, ತಪ್ಪು ತಿಳಿಯಬಾರದು ಅಂತ. ಮತ್ತೆ, ಗೆಲ್ಲಿಸ್ಬೇಕು ಅಂತ."

"ಛೆ! ಗೆಲ್ಲಿಸು ಅಂತ ಯಾಕೆ ಕೇಳಿದ್ದು? ಅದು ಬೇರೆಯವರಿಗೆ ಮೋಸ. ಹೋಗಿ ಅದೊಂದನ್ನು ವಾಪಸು ತಕ್ಕೊಂಡು ಬಾ!" ತಮಾಷೆ ಅಂದುಕೊಂಡೆ. ಅಲ್ಲ. ಸ್ಕೂಟರನ್ನು ತಿರುಗಿಸಿಯೇ ಬಿಟ್ಟರು. ಎರಡನೇ ಸಲ ಹೋಗಿ ಕೈ ಮುಗಿದು, ವಾಪಸು ತೆಗೆದುಕೊಂಡು ಬಂದೆ.

ಮರುದಿನ ಏರಿನ ಬುಡಕ್ಕೆ ಬರುವಾಗ ನಾವು ನಾಲ್ಕು ಮಂದಿ ಉಳಿದಿದ್ದೆವು. ಎಲ್ಲರಿಗಿಂತ ಮುಂದೆ ಅಧ್ಯಕ್ಷರ ಅಳಿಯ, ಅಂದರೆ ಅಕ್ಕನ ಮಗ. ನಾನು ಮೂರನೆಯ ಚಕ್ರ. ಕಟ್ಟೆ ಕಂಡಿತು. ಮೂರು ಕೈಗಳು ಮೇಲೆ ಹೋದವು, ಮೂರು ಬೆನ್ನು ನೆಟ್ಟಗಾಯಿತು. ನಾನು ಎದ್ದೆ. ಹಿಂದಿನಿಂದ "ಹೋಗು! ಹೋಗು! ತಿರುಗಿ ನೋಡ್ಬೇಡ!" ಎನ್ನುವ ಬೊಬ್ಬೆ ಸ್ವಲ್ಪ ದೂರ ಕೇಳಿತು. ಬಂಟ್ವಾಳಕ್ಕೆ ಮುಟ್ಟುವಾಗ ನಾನೊಬ್ಬನೇ ಇದ್ದೆ. ಜೀವಮಾನದಲ್ಲಿ ನಾನು ಗೆದ್ದದ್ದು ಅದೊಂದೇ.

ನಾಲ್ಕು ದಿನ ಊರೆಲ್ಲ ಶಹಬ್ಬಾಸ್. ಐದನೆಯ ದಿನ ವಾಟ್ಸಾಪಿನಲ್ಲಿ ಒಂದು ವೀಡಿಯೋ ಹೊರಟಿತು. ಕಟ್ಟೆಯ ಹತ್ತಿರ ಯಾರೋ ತೆಗೆದದ್ದು. ಮೂರು ಮಂದಿಯ ಕೈ ಹಣೆಯ ಹತ್ತಿರ, ನನ್ನ ಎರಡೂ ಕೈ ಹ್ಯಾಂಡಲಿನಲ್ಲಿ. ಕೆಳಗೆ ಒಂದು ಸಾಲು: "ದೈವಕ್ಕೆ ಕೈ ಮುಗಿಯಬಾರದು ಅಂತ ನಮ್ಮ ಹುಡುಗರಿಗೆ ಕಲಿಸುತ್ತಿರುವುದು ಯಾರು?" ಕಾಕನ ಹೆಸರು ಬರೆದಿರಲಿಲ್ಲ. ಬರೆಯಬೇಕಾಗಿರಲಿಲ್ಲ.

ಸಂಘದ ಕೋಣೆಯಲ್ಲಿ ಮೀಟಿಂಗು ಕರೆದರು. ಇಪ್ಪತ್ತು ಮಂದಿ ಇದ್ದೆವು. ಕಾಕನಿಗೆ ಕುರ್ಚಿ ಕೊಡಲಿಲ್ಲ. ಗೋಡೆಯ ಹತ್ತಿರ ನಿಂತಿದ್ದರು.

"ನೀವು ಇವನಿಗೆ ಕೈ ಮುಗಿಯಬೇಡ ಅಂತ ಹೇಳಿದ್ದೀರಾ?" ಎಂದರು ಅಧ್ಯಕ್ಷರು.

"ಇಲ್ಲ."

"ಮತ್ತೆ ಇವ ಯಾಕೆ ಮುಗಿಯಲಿಲ್ಲ?"

ಕಾಕ ನನ್ನ ಕಡೆ ನೋಡಿದರು. "ಅವ ಇಲ್ಲಿಯೇ ಇದ್ದಾನಲ್ಲಾ. ಅವನಿಗೇ ಕೇಳಿ."

ಎಲ್ಲರೂ ತಿರುಗಿದರು. ಕಿಸೆಯಲ್ಲಿ ಮೊಬೈಲು ಇತ್ತು. ಮೊಬೈಲಿನಲ್ಲಿ ಆ ಫೋಟೋ ಇತ್ತು. ತೆಗೆದು ತೋರಿಸಿದರೆ ಮುಗಿಯುತ್ತಿತ್ತು, ಅರ್ಧ ನಿಮಿಷದ ಕೆಲಸ. ನಾನು ಅಂಗಡಿ ಇಟ್ಟು ಆರು ತಿಂಗಳಾಗಿತ್ತು. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಕೋಣೆಯಲ್ಲಿ ಕೂತವರದ್ದೇ. ಅದಕ್ಕಿಂತಲೂ, ಆ ಇಪ್ಪತ್ತು ಜೋಡಿ ಕಣ್ಣು. ಕಾಕನ ಪಕ್ಷ ಹಿಡಿದ ಅಂತ ನಾಳೆ ನನ್ನ ಮೇಲೆಯೂ ಒಂದು ಸಾಲು ಬರೆದರೆ?

"ರೇಸಿನ ಬಿಸಿಯಲ್ಲಿ ಮರೆತು ಹೋಯ್ತು," ಎಂದೆ.

ಅಧ್ಯಕ್ಷರು ನಕ್ಕರು. "ಇವ ನಮ್ಮ ಹುಡುಗ. ಮರೆತ. ಆದ್ರೆ ಮರೆಯುವ ಹಾಗೆ ಮಾಡಿದ್ದು ಯಾರು?"

ಗೇರು ತಪ್ಪಿದರೆ ಪೇಟೆಗೆ ಕೇಳುವ ಹಾಗೆ ಬೊಬ್ಬೆ ಹೊಡೆಯುವ ಮನುಷ್ಯ, ಆ ದಿನ ಕಣ್ಣನ್ನು ನನ್ನಿಂದ ತೆಗೆದು ನೆಲಕ್ಕೆ ಇಳಿಸಿದರು. ಸಂಘದವರು ನನಗೆ ಕಟ್ಟೆಗೆ ತಪ್ಪುಕಾಣಿಕೆ ಹಾಕಲು ಹೇಳಿದರು. ಕಾಕನಿಗೆ, ಇನ್ನು ಮೇಲೆ ಈ ಕಡೆಯ ಹುಡುಗರನ್ನು ಸೇರಿಸಬಾರದು ಅಂತ ಹೇಳಿದರು. ಮೀಟಿಂಗು ಮುಗಿಯುವ ಮೊದಲೇ ನಾನು ಎದ್ದು ಹೊರಗೆ ಹೋದೆ. ಹೋಗುವಾಗ ಬೆನ್ನು ಸುಡುತ್ತಿತ್ತು. ಅದರಲ್ಲಿ ಏನೇನು ಬರೆದಿದೆ ಎಂದು ಓದಬಲ್ಲ ಒಬ್ಬರೇ ಒಬ್ಬರು ಆ ಕೋಣೆಯಲ್ಲಿದ್ದರು.

ಮುಂದಿನ ಭಾನುವಾರ ಸೇತುವೆಗೆ ಯಾರೂ ಹೋಗಲಿಲ್ಲ. ಕಾಕ ಮಾತ್ರ ಬಂದಿದ್ದರಂತೆ, ಸ್ಕೂಟರಿಗೆ ಎಂಟು ಬಾಟ್ಲಿ ಗಂಜಿತಿಳಿ ನೇತು ಹಾಕಿಕೊಂಡು. ಅದರ ಮುಂದಿನ ಭಾನುವಾರವೂ. ನಾಲ್ಕು ವಾರ ಬಂದರು ಅಂತ ಅಲ್ಲಿಯ ಹೋಟೆಲಿನವರು ಆಮೇಲೆ ಹೇಳಿದರು. ಐದನೇ ವಾರ ಬರಲಿಲ್ಲ. ಸೈಕಲ್ ಪಿತಾಮಹ!

ಎರಡು ವರ್ಷ ನಾನು ಪಾಣೆಮಂಗಳೂರಿನ ಪೇಟೆಯ ಒಳಗೆ ಕಾಲಿಡಲಿಲ್ಲ. ಮತ್ತೆ ಒಂದು ದಿನ, ಸರಿಯಾಗಿಯೇ ಇದ್ದ ಕೊಡೆಯ ಒಂದು ಕಡ್ಡಿಯನ್ನು ನಾನೇ ಮುರಿದುಕೊಂಡು, ಅದನ್ನೇ ನೆಪ ಮಾಡಿ ಅಂಗಡಿಗೆ ಹೋದೆ. ಕಾಕ ಕೊಡೆ ನೋಡಿದರು.

"ಇದು ಗಾಳಿಗೆ ಮುರಿದದ್ದಲ್ಲ," ಎಂದರು.

"ಕಾಕ, ಆ ದಿನ ನಾನು..."

"ಕೂರು." ಹೊಸ ಕಡ್ಡಿ ಹಾಕಿ, ದಾರ ಕಟ್ಟಿ, ಹಲ್ಲಿನಿಂದ ಕಡಿದರು. "ನಾನು ಸಿಟ್ಟು ಮಾಡಿಲ್ಲ ಅಂತ ಹೇಳುದಿಲ್ಲ. ಸುಳ್ಳು ಯಾಕೆ? ರಾತ್ರಿ ನಿದ್ದೆ ಬರ್ಲಿಲ್ಲ ನನಗೆ, ಎಷ್ಟೋ ತಿಂಗಳು. ಅವರು ಹೇಳಿದ್ದಕ್ಕಲ್ಲ. ಅವರು ಹೇಳ್ತಾರೆ, ಅದು ಗೊತ್ತಿದ್ದದ್ದೇ. ಹಿಂದೆ ಕೂರ್ಲಿಕ್ಕೆ ನಿನಗೆ ಕಲಿಸಿದ್ದು ನಾನೇ ಅಲ್ವಾ? ಚೆನ್ನಾಗಿ ಕಲಿತಿದ್ದೀ." ಕೊಡೆಯನ್ನು ಒಮ್ಮೆ ಬಿಚ್ಚಿ, ಮಡಚಿ, ನನ್ನ ಕಡೆ ಚಾಚಿದರು. "ಮುಂದೆ ಬರ್ಲಿಕ್ಕೆ ಮಾತ್ರ ಕಲೀಲಿಲ್ಲ. ಹೋಗು."

ಹೋದೆ. ಅವರ ಹತ್ತಿರ ಮಾತಾಡಿದ್ದು ಅದೇ ಕಡೆಯ ಸಲ. ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ. ಅಂತಹ ಮಾತು ಇಲ್ಲಿ ಸೇರಿಸಿ ಬರೆದು ನನ್ನ ಹೊಟ್ಟೆ ತಂಪು ಮಾಡಿಕೊಳ್ಳಲಾರೆ.

ಈಗ ಫ್ಲೆಕ್ಸಿನ ವಿಷಯಕ್ಕೆ ಬರುತ್ತೇನೆ. ಫೋಟೋ ಕೇಳಲು ಮಗಳಿಗೆ ಫೋನ್ ಮಾಡಿದೆ. ಅವಳು ಹೇಳಿದ್ದು ಇಷ್ಟು: "ಹಾರ ಹಾಕುವುದು, ದೀಪ ಹಚ್ಚುವುದು ಎಲ್ಲ ಬೇಡ ಅಣ್ಣ, ನಮ್ಮಲ್ಲಿ ಇಲ್ಲ. ಫೋಟೋ ನಿಮ್ಮ ಹತ್ತಿರ ಇದ್ದದ್ದು ಹಾಕಿ. ಅಮ್ಮ ಇದ್ದತ್ತಿನಲ್ಲಿ ಇದ್ದಾರೆ, ಗಂಡ ಹೋದ ಮೇಲೆ ನಾಲ್ಕು ತಿಂಗಳು ಮನೆಯಿಂದ ಹೊರಗೆ ಬರುವ ಹಾಗಿಲ್ಲ. ನಾನು ಬರ್ತೇನೆ."

ನನ್ನ ಹತ್ತಿರ ಇದ್ದದ್ದು ಒಂದೇ. ಮೊಬೈಲು ಮೂರು ಸಲ ಬದಲಾದರೂ ಆ ಫೋಟೋವನ್ನು ಒಂದರಿಂದ ಒಂದಕ್ಕೆ ದಾಟಿಸಿಕೊಂಡು ಬಂದಿದ್ದೆ. ತೋರಿಸುವ ಧೈರ್ಯವೂ ಇಲ್ಲ, ಅಳಿಸುವ ಧೈರ್ಯವೂ ಇಲ್ಲ. ಅದನ್ನು ಆರು ಎಂಟಕ್ಕೆ ಹಿಗ್ಗಿಸಿದೆ. ಸ್ವಲ್ಪ ಮಸುಕಾಯಿತು, ಇರಲಿ. ಮುಖ ಬೆಳ್ಳಗೆ ಮಾಡಲಿಲ್ಲ. 'ಪಿತಾಮಹ' ಹಾಕಲಿಲ್ಲ. ಕೆಳಗೆ ಒಂದೇ ಸಾಲು: "ರೇಸಿನ ಹಿಂದಿನ ಸಂಜೆ, ಕಟ್ಟೆಯ ಎದುರು."

ನುಡಿನಮನದ ದಿನ ಸುರುಳಿ ಬಿಚ್ಚಿ ನಾನೇ ವೇದಿಕೆಯ ಹಿಂದೆ ಕಟ್ಟಿದೆ. ಅಧ್ಯಕ್ಷರು ಬಂದವರೇ ಮೇಲೆ ಕೆಳಗೆ ನೋಡಿದರು.

"ನನ್ನ ಫೋಟೋ ಎಲ್ಲಿ?"

"ಜಾಗ ಸಾಕಾಗಲಿಲ್ಲ."

"ಇದೆಂತದಿದು? ಪಿತಾಮಹ ಅಂತ..." ಎನ್ನುವಷ್ಟರಲ್ಲಿ ಅವರ ಕಣ್ಣು ಫೋಟೋದ ಕೆಳಗಿನ ಮೂಲೆಗೆ ಹೋಯಿತು. ಕೆಂಪು ಕಲ್ಲಿನ ಅಂಚು, ಅದರ ಮೇಲೆ ನಾನಿಟ್ಟ ಕೇಪಳ ಹೂ. ಆ ಕಟ್ಟೆಯ ಅಂಚು ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಸೀದಾ ವೇದಿಕೆ ಹತ್ತಿದರು. ಮೈಕು ಹಿಡಿದು, ಕಾಕ ಎಲ್ಲರಿಗೂ ಬೇಕಾದವರು, ಎಲ್ಲ ಧರ್ಮದವರನ್ನೂ ಒಂದೇ ರೀತಿ ಕಂಡವರು ಅಂತ ಹತ್ತು ನಿಮಿಷ ಮಾತಾಡಿದರು. ಫ್ಲೆಕ್ಸಿನ ಕಡೆ ಒಮ್ಮೆಯೂ ತಿರುಗಲಿಲ್ಲ.

ಮಗಳು ಮೊದಲ ಸಾಲಿನಲ್ಲಿ ಕೂತಿದ್ದಳು. ಭಾಷಣ ಕೇಳುತ್ತಿರಲಿಲ್ಲ. ಅಪ್ಪನ ಪಾದಗಳನ್ನೇ ನೋಡುತ್ತಿದ್ದಳು. ಅಧ್ಯಕ್ಷರು ಕೂತ ಕೂಡಲೇ ಎದ್ದು, ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹತ್ತಿರ ಬಂದಳು.

"ಅಪ್ಪನ ಚಪ್ಪಲಿ ಎಲ್ಲಿ?"

"ಸ್ಕೂಟರಿನ ಹತ್ತಿರ ಬಿಟ್ಟಿದ್ರು."

"ಇದನ್ನು ನಮಗೆ ಹೇಳಲೇ ಇಲ್ಲ ಅವರು. ಅಮ್ಮನಿಗೂ ಗೊತ್ತಿಲ್ಲ." ಇನ್ನೊಮ್ಮೆ ಫ್ಲೆಕ್ಸಿನ ಕಡೆ ತಿರುಗಿ ನೋಡಿದಳು. "ಆ ಮೀಟಿಂಗಿನ ದಿನ ಈ ಫೋಟೋ ನಿಮ್ಮ ಹತ್ತಿರ ಇತ್ತಾ ಅಣ್ಣ?"

ಕೂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ಇತ್ತು."

ಅವಳು ಬೈಯಲಿಲ್ಲ. ಅಳಲಿಲ್ಲ. ಅಪ್ಪನದೇ ಕಣ್ಣು, ಅಪ್ಪನದೇ ಸಿಟ್ಟು.

"ಅದನ್ನು ಮೈಕಿನಲ್ಲಿ ಹೇಳಿ," ಎಂದಳು.

ಎದ್ದೆ. ಕುರ್ಚಿಗಳ ನಡುವಿನಿಂದ ಮುಂದೆ ನಡೆದೆ. ತಿರುಗಿ ನೋಡಲಿಲ್ಲ. ನನ್ನ ಬೆನ್ನನ್ನು ಅವಳು ನೋಡುತ್ತಿದ್ದಳು.